ಹಿಂಬಾಗಿಲ ಗಂಟು

ಬೆಳಕು ಹರಿಯುವ ಮೊದಲೇ ಗಂಟಕ್ಕ ಲಾಡ್ಜಿನ ಬಕೆಟ್ಟಿನಲ್ಲಿ ನೀರು ಕಾಯಿಸಿಟ್ಟಿದ್ದಳು. ರಾತ್ರಿ ಒಗೆದು ಕಿಟಕಿಯ ಸರಳಿಗೆ ಹಾಕಿದ್ದ ಬಟ್ಟೆಗಳಲ್ಲಿ ಒಣಗಿದ್ದನ್ನು ಮಡಚಿ, ಒಣಗದ್ದನ್ನು ಫ್ಯಾನಿನ ಕೆಳಗೆ ಹರವಿದ್ದಳು. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದ್ದಳು. ಕೆಟಲಿನಲ್ಲಿ ಮೊಟ್ಟೆ ಬೇಯಿಸಿ, ಬ್ರೆಡ್ಡಿನ ಜೊತೆ ಡಬ್ಬಿಗೆ ತುಂಬಿ, ಅದೇ ಕೆಟಲನ್ನು ಎರಡು ಸಲ ತೊಳೆದು ಚಹಾಕ್ಕಿಟ್ಟಿದ್ದಳು. ನಿದ್ದೆಯಲ್ಲಿ ತೂಗುತ್ತಿದ್ದ ಮಗಳನ್ನು ತೊಡೆಗೆ ಆನಿಸಿಕೊಂಡು ಜಡೆ ಹೆಣೆದಿದ್ದಳು. ಕೆಳಗಿಳಿದು ವ್ಯಾನಿನ ಮುಂಗಾಜಿಗೆ ಅಂಟಿದ್ದ ಹುಳುಗಳನ್ನು ಉಜ್ಜಿ ತೆಗೆದಿದ್ದಳು. ಗಂಡನ ಕಾಲುಚೀಲದ ಜೊತೆಯನ್ನು ಮಂಚದಡಿಯಿಂದ ಎಳೆದು ಬೂಟಿನೊಳಗೆ ತುರುಕಿದ್ದೂ ಆಗಿತ್ತು.

ಇಷ್ಟೆಲ್ಲ ಮಾಡುವಾಗಲೂ ಅವಳ ಮೈಯಲ್ಲಿ ಹುರುಪು ಹಿಡಿಸುತ್ತಿರಲಿಲ್ಲ. ಆಗತಾನೇ, ಬೀದಿಗಳಾಚೆ ಎಲ್ಲೋ, ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ಏನೋ ಉದ್ದಕ್ಕೆ ಕೂಗಿತ್ತು.

"ರೀ, ಕೇಳಿಸ್ತಾ? ಹಡಗು!"

"ಲಾರಿ ಕಣೇ. ಮಲಗಕ್ಕೆ ಬಿಡು."

"ನಿಮ್ಮ ಲಾರಿಗೆ ಅಷ್ಟು ದೊಡ್ಡ ಗಂಟಲು ಎಲ್ಲಿಂದ ಬರ್ಬೇಕು?"

ಗಂಟಕ್ಕ ಅವಳ ಹುಟ್ಟುಹೆಸರಲ್ಲ. ಬಟ್ಟೆ ಗೋದಾಮಿನಲ್ಲಿ ಅವಳದು ಪಾರ್ಸೆಲ್ ಕಟ್ಟುವ ಕೆಲಸ. ಅವಳು ಬಿಗಿದ ಗಂಟನ್ನು ಬಿಚ್ಚಲು ಅವಳ ಹೆಬ್ಬೆರಳೇ ಬೇಕು, ಇಲ್ಲವೇ ಕತ್ತರಿ. ಅಲ್ಲಿ ಅಂಟಿದ ಹೆಸರು ಮನೆಯವರೆಗೂ ಹಿಂಬಾಲಿಸಿತ್ತು. ಅವಳು ಕಟ್ಟಿದ ಮೂಟೆಗಳು ಹಡಗು ಹತ್ತಿ ಸಮುದ್ರ ದಾಟುತ್ತಿದ್ದವು. ಅವಳು ಮಾತ್ರ ಇಷ್ಟು ವಯಸ್ಸಾದರೂ ಸಮುದ್ರದ ಮುಖ ಕಂಡಿರಲಿಲ್ಲ. ಊರು ಬಿಟ್ಟಾಗಿನಿಂದ ಅವಳದು ಒಂದೇ ಜಪ: ಸಮುದ್ರದ ಊರು ಮುಟ್ಟಿದ ಮೇಲೆ ದೋಣಿ ಹತ್ತಬೇಕು, ಬಂದರಿನಿಂದಾಚೆ ಹೋಗಿ ದಡವನ್ನು ನೀರಿನ ಕಡೆಯಿಂದ ನೋಡಬೇಕು. ನಾಳೆ ಬೆಳಿಗ್ಗೆ ವಾಪಸು ಹೊರಡುವುದು. ಇವತ್ತು ಬಿಟ್ಟರೆ ಇಲ್ಲ.

ವ್ಯಾನು ಗಂಡ ಸರಕು ಸಾಗಿಸುವ ಅಂಗಡಿಯದು. ಧಣಿ ರಜೆಗೆಂದು ಕೊಟ್ಟಿದ್ದ. ಹೊರಟ ದಿನವೇ ರಸ್ತೆಯ ಉಬ್ಬೊಂದರ ಮೇಲೆ ಹಾರಿ ಹಿಂಬಾಗಿಲ ಚಿಲಕ ಕಿತ್ತುಬಂತು. "ಗ್ಯಾರೇಜಿಗೆ ಹಾಕೋಣ," ಎಂದಿದ್ದಳು ಅವಳು. "ಮನೇಲೇ ಗಂಟಕ್ಕ ಇರೋವಾಗ ಗ್ಯಾರೇಜ್ ಯಾಕೆ?" ಎಂದಿದ್ದ ಗಂಡ. ಅವಳು ಉಬ್ಬಿಹೋಗಿ, ಹಿಡಿಕೆಗೂ ಬಂಪರಿಗೂ ಹಗ್ಗ ಸುತ್ತಿ ತನ್ನ ಹೆಸರಿಗೆ ತಕ್ಕ ಗಂಟು ಹಾಕಿದ್ದಳು. ಇಡೀ ಸಂಸಾರದ ಸಾಮಾನು ಆ ಬಾಗಿಲ ಹಿಂದಿತ್ತು; ಸೀಟುಗಳ ಕಡೆಯಿಂದ ಕೈ ಎಟುಕುತ್ತಿರಲಿಲ್ಲ. ಆ ಗಂಟಿನ ಬೆಲೆ ಏನೆಂದು ಈ ಊರಿಗೆ ಬರುವವರೆಗೆ ಅವಳಿಗೆ ತಿಳಿಯಲಿಲ್ಲ.

ಆ ಬೆಳಿಗ್ಗೆ ಲಾಡ್ಜು ಬಿಟ್ಟ ಮೇಲೆ ತಿರುವೊಂದರಲ್ಲಿ ಎರಡು ಕಟ್ಟಡಗಳ ಸಂದಿಯಿಂದ ಸಮುದ್ರ ದಿಢೀರನೆ ಎದ್ದು ನಿಂತಿತು. ಗಂಟಕ್ಕ ಸೀಟಿನಿಂದ ಎದ್ದು ತಲೆಯನ್ನು ಚಾವಣಿಗೆ ಹೊಡೆಸಿಕೊಂಡಳು. "ಅಯ್ಯಯ್ಯೋ ನೋಡ್ರೀ! ಅಂಚೇ ಇಲ್ಲ ಇದಕ್ಕೆ!"

"ಅಂಚಿಲ್ಲದಿದ್ರೆ ಯಾರೋ ಹೊಲಿಯೋದು ಮರೆತಿರ್ಬೇಕು. ನಿನ್ನನ್ನೇ ಕರೀತಾರೆ ನೋಡು," ಎಂದರು ಅತ್ತೆ. ಅಜ್ಜಿ ಮೊಮ್ಮಗಳು ಬಿದ್ದು ಬಿದ್ದು ನಕ್ಕರು. ಮಗಳನ್ನು ಎಲ್ಲರೂ ಪಟಾಕಿ ಎನ್ನುತ್ತಿದ್ದದ್ದು ಸುಮ್ಮನಲ್ಲ. ಅವಳ ನಗು ಸರವಾಗಿಯೇ ಸಿಡಿಯುತ್ತಿತ್ತು.

ಮೊದಲು ದೀಪಸ್ತಂಭ. ಮೆಟ್ಟಿಲ ಬುಡ ಮುಟ್ಟುವಷ್ಟರಲ್ಲಿ ಅತ್ತೆಯ ಕಿವಿಗೆ ಗಾಳಿ ಹೊಕ್ಕಿತು, ಮಫ್ಲರು ವ್ಯಾನಿನಲ್ಲಿ. ಗಂಟಕ್ಕ ಓಡಿ ಹೋಗಿ ಬಿಚ್ಚಿ, ತೆಗೆದು, ಕಟ್ಟಿ, ಓಡಿ ಬಂದಾಗ ಅಪ್ಪ ಮಗಳು ಹತ್ತಿ ಇಳಿದೇ ಬಿಟ್ಟಿದ್ದರು. "ಮೇಲಿಂದ ಏನ್ ಚಂದ ಅಂತೀಯಾ!" ಎಂದು ಗಂಡ ಫೋನಿನಲ್ಲಿ ಫೋಟೊ ತೋರಿಸಿದ. ಅದರಲ್ಲಿ ಪಟಾಕಿಯ ಮೂಗಿನ ಹೊಳ್ಳೆಯೂ ಒಂದು ಚೂರು ಆಕಾಶವೂ ಇದ್ದವು.

ಆಮೇಲೆ ಮೀನಿನ ಮನೆ. ಗಾಜಿನಾಚೆ ಹಾಸಿಗೆಯಷ್ಟು ಅಗಲದ ಮೀನೊಂದು ರೆಕ್ಕೆ ಬಡಿಯುತ್ತ ಬರುತ್ತಿತ್ತು. ಗಂಟಕ್ಕ ಉಸಿರು ಬಿಗಿಹಿಡಿದಳು. ಅಷ್ಟರಲ್ಲಿ ಪಟಾಕಿ ಫ್ರಾಕಿನ ತುಂಬ ಹಣ್ಣಿನ ರಸ ಚೆಲ್ಲಿಕೊಂಡಳು.

"ಗಂಟಕ್ಕೋ, ಬೇರೆ ಫ್ರಾಕ್ ತಗೊಂಬಾ!"

"ಈ ಸಲ ನೀವೇ ಹೋಗಿ ಬನ್ರೀ."

"ನಾನು ಹೋದ್ರೆ ಆ ಗಂಟಿಗೆ ಹಲ್ಲು ಹಾಕ್ಬೇಕಾಗುತ್ತೆ. ಹೋದ್ಸಲ ಉಗುರೇ ಕಿತ್ತೋಗಿತ್ತು."

ಅದೂ ಸುಳ್ಳಲ್ಲ. ಅವಳು ಹೋದಳು.

ಮಧ್ಯಾಹ್ನ ದೋಣಿಕಟ್ಟೆಯ ಪಕ್ಕ ವ್ಯಾನು ನಿಲ್ಲಿಸಿ ಊಟ. ಹೊಟ್ಟೆ ತುಂಬಿದ್ದೇ ತಡ, ಅಪ್ಪ ಮಗಳು ದೋಣಿಗೆ ಓಡಿದರು. "ನೀನು ಮುಂದಿನ ಸಲ ಬಾ, ಡಬ್ಬಿ ತೊಳೆಯೋದಿದೆಯಲ್ಲ," ಎಂಬ ಗಂಡನ ಮಾತು ಗಾಳಿಯಲ್ಲಿ ಹಿಂದೆ ಬಂತು. ಅವಳು ಕಟ್ಟೆಯ ನಲ್ಲಿಯಲ್ಲಿ ಡಬ್ಬಿ ಉಜ್ಜುತ್ತ ಕಣ್ಣನ್ನೆಲ್ಲ ದೋಣಿಗೇ ಅಂಟಿಸಿದ್ದಳು. ದೋಣಿಯಾಳು ದಡದ ಗೂಟಕ್ಕೆ ಹಾಕಿದ್ದ ಹಗ್ಗದ ತುದಿಯನ್ನು ಒಮ್ಮೆ ಎಳೆದ. ಅಷ್ಟು ದೊಡ್ಡ ದೋಣಿ ಕಳಚಿಕೊಂಡು ಜಾರಿತು. ಗಂಟಕ್ಕನ ಕೈಯ ಡಬ್ಬಿ ನಿಂತಿತು.

ದೋಣಿ ಮರಳಿದಾಗ ಅವಳು ದೋಣಿಯಾಳಿನ ಹತ್ತಿರವೇ ಹೋದಳು. "ಅಲೆ ಇಷ್ಟು ಜಗ್ಗುತ್ತೆ, ಆ ಗಂಟು ಬಿಚ್ಕೊಳಲ್ವಾ?"

"ಅಲೆ ಜಗ್ಗಿದಷ್ಟೂ ಬಿಗಿಯಾಗುತ್ತೆ ಅಕ್ಕಾ. ಈ ಬಾಲ ಎಳೆದ್ರೆ ಮಾತ್ರ ಬಿಚ್ಚುತ್ತೆ."

"ಹಾಗಾದ್ರೆ ಯಾರು ಬೇಕಾದ್ರೂ ಬಿಚ್ಚಬಹುದಲ್ಲ!"

"ಬಿಚ್ಚಲೇಬೇಕಲ್ಲ! ಗಾಳಿ ಎದ್ದಾಗ, ಗಂಟು ಹಾಕಿದ ಮಹಾರಾಯ ಎಲ್ಲಿ ಹೋದ ಅಂತ ಹುಡುಕ್ತಾ ಕೂತ್ಕೊಳಕ್ಕಾಗುತ್ತಾ?"

ಅವನು ಇನ್ನೊಮ್ಮೆ ಹಾಕಿ ತೋರಿಸಿದ. ಅವಳ ಬೆರಳುಗಳಿಗೆ ಎರಡನೆಯ ಪಾಠ ಬೇಕಾಗಲಿಲ್ಲ.

ಸಂಜೆ ನೀರೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿತು. ಹಡಗುಗಳ ಮೇಲೆ ಒಂದೊಂದೇ ದೀಪ ಹತ್ತತೊಡಗಿತು. ಕೊನೆಯ ದೋಣಿಗೆ ಜನ ಸಾಲು ನಿಂತರು. ಗಂಟಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾನು ಹೋಗಿಬರ್ತೀನಿ ರೀ."

ಗಂಡ ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿಕೊಂಡಿದ್ದ. "ಈಗಲಾ? ನನಗೆ ದಿಂಬು ಬೇಕು. ಅಮ್ಮನ ಮಾತ್ರೆಗೆ ಹೊತ್ತಾಗುತ್ತೆ. ನೀನು ನೀರಿನ ಮೇಲಿದ್ರೆ ಬಾಗಿಲು ಯಾರು ತೆಗೀತಾರೆ? ಫೋಟೊ ಎಲ್ಲಾ ತೆಗೆದಿದೀನಲ್ಲ, ಕೂತು ನೋಡು."

"ಅಮ್ಮಾ, ಬಿಸ್ಕತ್ತು!" ಎಂದಳು ಪಟಾಕಿ.

"ನನ್ನ ಮಾತ್ರೆಗೇನು ಅವಸರವಿಲ್ಲಪ್ಪ," ಎಂದು ಶುರುಮಾಡಿದ ಅತ್ತೆ, ಮಗನ ಮುಖ ನೋಡಿ, "ಆದ್ರೂ ಹೊತ್ತಿಗೆ ಸರಿಯಾಗಿ ತಗೊಂಡ್ರೆ ಒಳ್ಳೇದು," ಎಂದು ಮುಗಿಸಿದರು.

ಗಂಟಕ್ಕ ವ್ಯಾನಿನ ಹಿಂದೆ ಹೋದಳು. ಹೆಬ್ಬೆರಳು ಒತ್ತಿ ತನ್ನ ಗಂಟು ಬಿಚ್ಚಿದಳು. ದಿಂಬು, ಮಾತ್ರೆ, ಬಿಸ್ಕತ್ತನ್ನು ಕಿಟಕಿಯಿಂದ ಒಳಗೆ ಕೊಟ್ಟು ಮತ್ತೆ ಹಿಂದೆ ಬಂದಳು. ಅಲ್ಲಿ ಅವಳು, ಹಗ್ಗ, ಬಾಗಿಲು. ಈಗ ಬೇಕಾದ್ದೆಲ್ಲ ಕೊಟ್ಟಾಯಿತು. ಆದರೆ ದೋಣಿ ತಿರುಗುವಷ್ಟರಲ್ಲಿ ಇನ್ನೇನೋ ಬೇಕಾಗುತ್ತದೆ; ಬೇಕಾಗದೆ ಇರುವ ಮನೆ ಯಾವುದಿದೆ? ತನ್ನ ಗಂಟೇ ಹಾಕಿದರೆ ಅರ್ಧ ನೀರಿನಲ್ಲೂ ಮನಸ್ಸು ಈ ಬಂಪರಿಗೇ ಕಟ್ಟಿಕೊಂಡಿರುತ್ತದೆ. ದೋಣಿಯಾಳಿನ ಗಂಟು ಹಾಕಿದರೆ, ನಾಳೆಯಿಂದ ಮಗಳೂ ಈ ಬಾಗಿಲು ತೆಗೆಯುತ್ತಾಳೆ. 'ಗಂಟಕ್ಕ ಇದ್ರೆ ಸಾಕಪ್ಪ' ಎಂಬ ಮಾತು ಆಮೇಲೆ ಕಿವಿಗೆ ಬೀಳಲಿಕ್ಕಿಲ್ಲ. ಆ ಮಾತು ಅವಳಿಗೆ ಸಿಹಿಯಾಗಿತ್ತು. ಅದು ಸುಳ್ಳಲ್ಲ.

ದೋಣಿಯ ಗಂಟೆ ಹೊಡೆಯಿತು.

ಅವಳು ಹಗ್ಗವನ್ನು ಹಿಡಿಕೆಗೂ ಬಂಪರಿಗೂ ಸುತ್ತಿ, ದೋಣಿಯಾಳು ತೋರಿಸಿದಂತೆ ಮಡಚಿ ತೂರಿಸಿ, ಬಾಗಿಲನ್ನು ಮೈಯ ಬಲವೆಲ್ಲ ಹಾಕಿ ಜಗ್ಗಿ ನೋಡಿದಳು. ಅಲುಗಲಿಲ್ಲ. ಉಳಿದ ತುದಿಯನ್ನು ಪಟಾಕಿಯ ಕೈಗೆ ಎಟುಕುವಷ್ಟು ಕೆಳಗೆ ಇಳಿಬಿಟ್ಟಳು.

"ಏನಾದ್ರೂ ಬೇಕಾದ್ರೆ ಹಗ್ಗದ ಬಾಲ ಎಳೀರಿ!" ಎಂದು ಕೂಗಿ, ಯಾರ ಉತ್ತರಕ್ಕೂ ನಿಲ್ಲದೆ, ಚಪ್ಪಲಿ ಕೈಗೆ ತೆಗೆದುಕೊಂಡು ಕಟ್ಟೆಯತ್ತ ಓಡಿದಳು.