ಬಾನೆಟ್ ಮೇಲಿನ ಅಂಗೈ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಈಗಲೂ ಹೇಳುತ್ತಾರೆ: ವೈರಿಂಗ್ ಕಾಕಾ ಅವತ್ತು ಸತ್ತವರ ಹಾರ್ನ್ ಕೇಳಿದರು ಅಂತ. ನನ್ನ ಮೊದಲ ಆಕ್ಷೇಪ, ಕಾಕಾಗೆ ಕಿವಿಯೇ ಕೇಳುತ್ತಿರಲಿಲ್ಲ. ಅವರಿಗೆ ಇದ್ದದ್ದು ಅಂಗೈ. ಟೇಪಿನ ಅಂಟು ಕೂತು ಕಪ್ಪಗಾದ, ಹಲಗೆಯಷ್ಟು ಅಗಲದ ಬಲ ಅಂಗೈ. ಅದನ್ನು ಬಾನೆಟ್ ಮೇಲಿಟ್ಟು ಎಂಜಿನ್ನನ್ನೂ ಹಾರ್ನನ್ನೂ ತಿಳಿದುಕೊಳ್ಳುತ್ತಿದ್ದರು. ನಮ್ಮ ಮಾತನ್ನು ತುಟಿ ನೋಡಿ. ಎರಡನೆಯದು, ಅವತ್ತು ಅಲ್ಲಿದ್ದದ್ದು ಅವರು ಮತ್ತು ನಾನು ಮಾತ್ರ. ಕಾಕಾ ಚಹಾದಂಗಡಿಯಲ್ಲಿ ನಗುತ್ತ ಹೇಳಿದ್ದನ್ನು ಓಣಿಯವರು ನಗು ತೆಗೆದು ಹೇಳುತ್ತಾರೆ, ಅಷ್ಟೇ.

ಕಾರು ಅಪ್ಪನದು. ಸಂಜೆ ಆಫೀಸಿನಿಂದ ಬರುವಾಗ ಧಾರವಾಡದ ನಮ್ಮ ಓಣಿಯ ತಿರುವಿನಲ್ಲಿ ಎರಡು ಸಲ, ಚಿಕ್ಕದಾಗಿ ಹಾರ್ನ್ ಒತ್ತುತ್ತಿದ್ದರು. ಅವ್ವ ಒಲೆ ಸಣ್ಣ ಮಾಡಿ ಬಂದು ಗೇಟು ತೆಗೆಯುತ್ತಿದ್ದಳು. ಅಪ್ಪ ಹೋದ ಮೇಲೆ ಕಾರು ಅಂಗಳದಲ್ಲೇ ನಿಂತಿತು. ಚಳಿ ಶುರುವಾದಾಗ ಅದು ಕೆಲವು ಸಂಜೆ ತಾನೇ ಕೂಗತೊಡಗಿತು. ಎರಡು ಸಲ, ಚಿಕ್ಕದಾಗಿ. ಅವ್ವ ಎದ್ದು ಹೋಗಿ ಗೇಟು ತೆಗೆದು, ಖಾಲಿ ರಸ್ತೆ ನೋಡಿ, ಸ್ವಲ್ಪ ಹೊತ್ತು ನಿಂತು, ಮತ್ತೆ ಹಾಕಿಕೊಂಡು ಬರುತ್ತಿದ್ದಳು. ಅವಳಿಗೆ ಹೆದರಿಕೆ ಇರಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ.

ಪಕ್ಕದ ಮನೆಯವರು ಶಾಂತಿ ಮಾಡಿಸಲು ಹೇಳಿದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೆವ್ವಗಳನ್ನು ಎಷ್ಟೋ ಸಲ ಸೋಲಿಸಿದ್ದ ನಾನು ಕಾರನ್ನೇ ಹುಬ್ಬಳ್ಳಿಗೆ, ಕಾಕಾ ಅವರ ಅಂಗಡಿಗೆ ಒಯ್ದೆ. ಅವ್ವ ಆ ಗೇಟಿನಿಂದ ಬಿಡುಗಡೆಯಾಗಬೇಕು, ನನಗೆ ಬೇಕಾದದ್ದು ಅದೊಂದೇ.

ಕಾಕಾ ಬಾನೆಟ್ ಎತ್ತಿ ಮೂಗು ಮುರಿದರು. ಯಾರ್ಯಾರೋ ಯಾವಾಗಲೋ ಸೇರಿಸಿದ ತಂತಿಗಳು ಎಂಜಿನ್ ಮೇಲೆ ಬಳ್ಳಿಯಂತೆ ಹಬ್ಬಿದ್ದವು. "ಇದೇನ್ ಎಂಜಿನ್ನೋ, ಗುಬ್ಬಿ ಗೂಡೋ?" ಅಂದರು. ಅವರು ಕೆಟ್ಟ ತಂತಿ ಹುಡುಕಿ ತೇಪೆ ಹಾಕುವವರಲ್ಲ. ಎಲ್ಲವನ್ನೂ ಕಿತ್ತು, ಕಾರಿನಲ್ಲಿ ಹೇಗಿತ್ತೋ ಹಾಗೆಯೇ ಗೋಣಿಚೀಲದ ಮೇಲೆ ಹರಡಿ, ಹೊಸದನ್ನು ಬಟ್ಟೆ ಟೇಪಿನಲ್ಲಿ ಸುತ್ತಿ ಮಡ್‌ಗಾರ್ಡಿನ ಒಳಮೈಗೆ ಅಡಗಿಸುತ್ತಿದ್ದರು. ಆಮೇಲೆ ನೋಡಿದರೆ ಎಂಜಿನ್ ಒಂದೇ, ಗುಡಿಸಿದ ಅಂಗಳದಲ್ಲಿ ಕೂತಂತೆ.

"ತಂತಿ ಕಾಣಬಾರ್ದು ಬೇಟಿ. ಮನಿ ನಡಸಾವ್ರು ಎದುರಿಗೆ ಬಂದ್ ಕುಂಡ್ರತಾರೇನು?"

ಗಾಡಿ ಒಪ್ಪಿಸುವ ಮುನ್ನ ಇನ್ನೊಂದು ಪದ್ಧತಿ. ಕಿಟಕಿಯೊಳಗೆ ಎಡಗೈ ತೂರಿಸಿ ಹಾರ್ನ್ ಒತ್ತಿ, ಬಲಗೈಯನ್ನು ಬಾನೆಟ್ ಮೇಲಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಂದೇ ಸಲ, ಉದ್ದಕ್ಕೆ, ಓಣಿಯವರೆಲ್ಲ ಬಯ್ಯುವಷ್ಟು. ಅದು ಅವರು ಗಾಡಿಗೆ ಹೇಳುವ ಸಲಾಮು.

ದೋಷ ಸಿಕ್ಕಿತು. ಹಾರ್ನ್ ಗುಂಡಿಯ ತಂತಿ ತಗಡಿನ ಅಂಚಿಗೆ ಉಜ್ಜಿ ಬರಿಮೈಯಾಗಿತ್ತು. ಸಂಜೆಯ ತಂಪಿಗೆ ತಗಡು ಸರಿದಾಗ ತಾಗುತ್ತಿತ್ತು. "ತಗೋ, ನಿಮ್ಮ ದೆವ್ವ" ಎಂದು ಕಾಕಾ ಅದನ್ನು ನನ್ನ ಕೈಯಲ್ಲಿಟ್ಟರು. ನಾನು ಗೆದ್ದಿದ್ದೆ.

ಅದಾದ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ, ಕಾಕಾ ಬಾನೆಟ್ ಇಳಿಸಿ ಅದರ ಮೇಲೆ ಕೈಯೂರಿ ಚಹಾ ಕುಡಿಯುತ್ತಿದ್ದರು. ಬ್ಯಾಟರಿ ಕಟ್ಟೆಯ ಮೇಲಿತ್ತು. ಹಾರ್ನ್ ಗೋಣಿಚೀಲದ ಮೇಲಿತ್ತು. ಎಂಜಿನ್ ಸುತ್ತ ಒಂದು ತಂತಿಯೂ ಉಳಿದಿರಲಿಲ್ಲ. ಅವರು ತಟ್ಟನೆ ತಿರುಗಿ ಗದರಿದರು:

"ಎರಡೆರಡ ಸಲ ಯಾಕ ಒತ್ತಾಕತ್ತಿ? ಇನ್ನೂ ಜೋಡಿಸಿಲ್ಲ."

ಹೇಳಿ ಮುಗಿದ ಮೇಲೆ ಹೇಳಿದ್ದೇನೆಂದು ಅವರಿಗೇ ಹೊಳೆಯಿತು. ನಾನು ಕಾರಿನಿಂದ ಮಾರು ದೂರ ನಿಂತಿದ್ದೆ. ನನಗೇನೂ ಕೇಳಿಸಿರಲಿಲ್ಲ. ಗೂಡ್ಸ್ ರೈಲು ಹೋಗಿರಬೇಕು ಅಂದೆ; ಪಕ್ಕದ ಅಂಗಡಿಯ ಸುತ್ತಿಗೆ ಇರಬೇಕು ಅಂದೆ. ಕಾಕಾ ನನ್ನ ತುಟಿಯನ್ನೇ ನೋಡುತ್ತ ಇರಬಹುದು ಎಂದರು. ಅಂಗೈಯನ್ನು ಅಂಗಿಗೆ ಒರೆಸಿಕೊಂಡರು. ಚಹಾ ಹಾಗೇ ಉಳಿಯಿತು.

ಕಾರು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆ ಮುಟ್ಟಿದರೆ ಗೇಟು ತೆರೆದಿತ್ತು. ಹಾಕುವುದು ಮರೆತೆ ಅಂದಳು ಅವ್ವ. ವಾದಕ್ಕೆ ಅಷ್ಟು ಸಾಕಿತ್ತು, ನಂಬಿದೆ.

ಹೊಸ ತಂತಿಯ ಕಾರು ಮನೆಗೆ ಬಂತು, ಮತ್ತೆ ತಾನಾಗಿ ಕೂಗಲಿಲ್ಲ. ಅವ್ವ ಸಂಜೆ ಹೊರಗೆ ಬರುವುದನ್ನೇ ಬಿಟ್ಟಳು. ದೀಪ ಹಚ್ಚದೆ ಕೋಣೆಯಲ್ಲಿ ಕೂತಿರುತ್ತಿದ್ದಳು. ನಾನು ಬಯಸಿದ ಬಿಡುಗಡೆ ಇದಲ್ಲ. ತಿರುವಿನಲ್ಲಿ ನಾನೇ ಎರಡು ಸಲ ಒತ್ತಿ ನೋಡಿದೆ. ಗೇಟು ತೆರೆಯಲಿಲ್ಲ. "ಅದು ನೀನು" ಅಂದಳು ಒಳಗಿನಿಂದಲೇ.

ಇದನ್ನು ಕಾಕಾಗೆ ಹೇಳಿದಾಗ ಅವರು ನಗಲಿಲ್ಲ. "ಕೆಲಸ ಛಲೋ ಆಗೇತಿ ಬೇಟಿ. ಖರೇ ಹೇಳ್ತೇನಿ, ಆ ಹಳೇ ತಂತಿ ಮಾತ್ರ ಒಗದಿಲ್ಲ. ನನ್ನ ಹತ್ರನ ಐತಿ."

ಹೋದ ತಿಂಗಳು ಕಾಕಾ ತೀರಿಕೊಂಡರು. ಸುದ್ದಿ ಬಂದದ್ದೇ ಅವ್ವನಿಗೂ ಹೇಳದೆ ಹೊರಟು, ಅವರ ಮನೆಯಲ್ಲಿ ಕೂತು, ಸಂಜೆ ಅದೇ ಕಾರಿನಲ್ಲಿ ವಾಪಸು ಬಂದೆ. ತಿರುವಿನಲ್ಲಿ ಹಾರ್ನ್ ಒತ್ತುವ ಮನಸ್ಸಾಗಲಿಲ್ಲ.

ಗೇಟು ತೆರೆದಿತ್ತು. ಅವ್ವ ಅದನ್ನು ಹಿಡಿದು ನಿಂತಿದ್ದಳು, ಸೆರಗಿನಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ. ಒಳಗೆ ದೀಪ ಉರಿಯುತ್ತಿತ್ತು.

"ಹಾರ್ನ್ ಆತು, ಬಂದೆ," ಅಂದಳು.

ಎಂಜಿನ್ ಆರಿಸಿ ಇಳಿದು ಬಾನೆಟ್ ಮೇಲೆ ಅಂಗೈ ಇಟ್ಟೆ. ಬರೀ ಬಿಸಿ. ಅವ್ವ ನನ್ನನ್ನು ದಾಟಿ ರಸ್ತೆಯ ಕಡೆ ನೋಡುತ್ತಿದ್ದಳು. ಕೇಳದೆ ಇರಲಾಗಲಿಲ್ಲ.

"ಅವ್ವಾ, ಹೆಂಗಾತು ಹೇಳು. ಎರಡು ಸಣ್ಣವೋ, ಉದ್ದಂದು ಒಂದೋ?"