ತಲೆ ಒದರಿದ ಹುಂಜ

ಕಾಮಾಕ್ಷಿಪಾಳ್ಯದ ಕಟಿಂಗ್ ಶಾಪಿನಲ್ಲಿ ಇವತ್ತು ತಲೆಗೆ ತಣ್ಣೀರು ಬಿದ್ದಾಗ ನಮ್ಮ ಮಹಾರಾಜರು ನೆನಪಾದರು.

ಮಹಾರಾಜರು ಎಂದರೆ ನಾನು ಚಿಕ್ಕವನಿದ್ದಾಗ ಮನೆಯಲ್ಲಿದ್ದ ನಮ್ಮ ಹುಂಜ. ಅಜ್ಜಿ ಅದನ್ನು ಸಾಕಿದ್ದು ಮಾರಮ್ಮನ ಹರಕೆಗೆ. ಹಬ್ಬ ಹತ್ತಿರವಿರುವಾಗ ಬೀದಿನಾಯಿ ಅದರ ರೆಕ್ಕೆಗೆ ಬಾಯಿ ಹಾಕಿತು. ಗಾಯವಾದ ಕೋಳಿಯನ್ನು ದೇವಿಗೆ ಕೊಡುವ ಹಾಗಿಲ್ಲ. ನಾಯಿಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿದೆ.

ಅಜ್ಜಿ ಅರಿಶಿನ, ಕೊಬ್ಬರಿ ಎಣ್ಣೆ ಮೆತ್ತಿದಳು. ಗಾಯವೇನೋ ಒಣಗಿತು, ಆದರೆ ಮಹಾರಾಜರು ಕಾಳು ಮುಟ್ಟಲಿಲ್ಲ. ಬುಟ್ಟಿಯ ಪಕ್ಕ ಕುಳಿತು, ಎದೆಮೂಳೆ ಎದ್ದು ಕಾಣುತ್ತಿದ್ದ ಅದಕ್ಕೆ ಕೈಮುಗಿದೆ.

"ಪ್ರಭು, ಒಂದು ತುತ್ತು ಮುದ್ದೆ ಸ್ವೀಕರಿಸಬೇಕು."

"ನಿನ್ನ ನಾಟಕ ಸಾಕು ಕಣೋ, ಬಾಯಿಗೆ ಒಂಚೂರು ನೀರಾದ್ರೂ ಬಿಡು, ಸತ್ತೋಗತ್ತೆ," ಎಂದಳು ಅಜ್ಜಿ.

ಲೋಟ ವಾಲಿ ನೀರೆಲ್ಲ ಅದರ ತಲೆಯ ಮೇಲೆ ಬಿತ್ತು. ಅಲ್ಲಿಯವರೆಗೆ ಕಣ್ಣು ಮುಚ್ಚಿದ್ದ ಹುಂಜ ಜೋರಾಗಿ ತಲೆ ಒದರಿತು.

"ಅಜ್ಜೀ, ಜೀವ ಬಂತು!"

ಅಜ್ಜಿ ಕಣ್ಣು ತುಂಬಿಕೊಂಡು ಕೈಮುಗಿದಳು, ನನಗಲ್ಲ. "ತಾಯಿ ಒಪ್ಕೊಂಡ್ಳು ಕಣೋ. ಇನ್ನು ಕಾಯಿಸ್ಬಾರ್ದು."

ನೀರು ಚಿಮುಕಿಸಿದಾಗ ಹರಕೆಯ ಕೋಳಿ ತಲೆ ಒದರಿದರೆ ದೇವಿ ಒಪ್ಪಿದಳೆಂದು ಅರ್ಥವಂತೆ. ಆಸ್ಥಾನ ವೈದ್ಯನಾದ ನನಗೆ ಅದನ್ನು ಯಾರೂ ಹೇಳಿರಲಿಲ್ಲ.

ಸಂಜೆ ಸಾರಿನ ವಾಸನೆ ಬೀದಿಯವರೆಗೂ ಬಂತು. ನಾನು ತಟ್ಟೆಯ ಮುಂದೆ ಬಾಯಿ ಬಿಗಿದು ಕುಳಿತೆ. "ಒಂದೇ ತುತ್ತು ತಿನ್ನೋ ಕಂದ," ಎಂದು ಈಗ ಅಜ್ಜಿ ಬೇಡುತ್ತಿದ್ದಳು.

"ನೀರು ಕಣ್ಣಿಗೆ ಹೋಯ್ತಾ ಗುರು? ಒಂದ್ಸಲ ತಲೆ ಒದರ್ಬಿಡಿ," ಎಂದ ಕಟಿಂಗ್ ಶಾಪಿನವನು, ಕತ್ತಿಗೆ ಹೊಸ ಬ್ಲೇಡು ಹಾಕುತ್ತಾ.

ನಾನು ಅಲುಗಾಡಲಿಲ್ಲ.