ರೇಡಿಯೋದ ಎಡತುದಿ

ಮೊನ್ನೆ ಸುಣ್ಣ ಹೊಡೆಸಬೇಕೆಂದು ಮಗಳು ಶಹಾಬಾದಿನ ಈ ಮನೆಯ ಅಟ್ಟ ಖಾಲಿ ಮಾಡಿಸಿದಳು. ಹಳೆಯ ಟ್ರಂಕು, ತಳ ಹೋದ ಕೊಡಗಳ ಜೊತೆ ನಮ್ಮ ರೇಡಿಯೋನೂ ಕೆಳಗಿಳಿಯಿತು. ಹಳೇ ಸಾಮಾನು ಕೊಳ್ಳುವವನು ಅಂಗಳದ ಫರಸಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಒಳಗೆ ತಾಮ್ರ ಎಷ್ಟಿದೆ ನೋಡೋಣವೆಂದು ಅದರ ಬೆನ್ನಿನ ರಟ್ಟು ಬಿಚ್ಚಿದ. ಒಂದು ವಾಸನೆ ಬಂತು. ಕಾಯ್ದ ಧೂಳು, ಅರಗು, ಹಿಂದೆಲ್ಲೋ ಸ್ವಲ್ಪ ಒಗ್ಗರಣೆ. ರೇಡಿಯೋಕ್ಕೂ ಒಗ್ಗರಣೆಗೂ ಏನು ಸಂಬಂಧ ಅಂತೀರಾ? ಹನ್ನೊಂದು ವರ್ಷ ಅದು ನನ್ನ ಅಡಿಗೆಮನೆಯ ಹಲಗೆಯ ಮೇಲೆ ಕೂತಿತ್ತು.

“ಇದು ನಡೀತದೇನ್ರಿ ಅಮ್ಮಾ?” ಎಂದು ಅವನು ಕೇಳಿದ.

ಗೊತ್ತಿಲ್ಲಪ್ಪ ಎಂದೆ. ಗೊತ್ತಿಲ್ಲ ಎನ್ನುವುದು ಎಷ್ಟು ಸಣ್ಣ ಮಾತು. ನನ್ನ ಕಾನ್ವೆಂಟಿನಲ್ಲಿ ಅದನ್ನು ಆಡುವಂತಿರಲಿಲ್ಲ. ‘ಐ ಡೋಂಟ್ ನೋ’ ಎಂದವಳನ್ನು ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಹತ್ತು ವರ್ಷ ಹಾಗೆ ತಯಾರಾದ ಹುಡುಗಿ ನಾನು: ಕರ್ಸಿವ್ ಅಕ್ಷರ ಮುತ್ತಿನ ಹಾಗೆ, ಯಾವ ಪ್ರಶ್ನೆಗೂ ನಾಲಿಗೆಯ ತುದಿಯಲ್ಲಿ ಉತ್ತರ. ಈ ತಯಾರಿಯಿಂದ ಏನಾಯಿತೆಂದು ಹೇಳಬೇಕಾದರೆ ನಲವತ್ತು ವರ್ಷ ಹಿಂದೆ ಹೋಗಬೇಕು. ನೀವೂ ಬನ್ನಿ. ಒಬ್ಬಳೇ ಹೋಗಲು ನನಗೆ ಧೈರ್ಯ ಸಾಲದು.

ಚಿತ್ತಾಪುರದಿಂದ ವಾಡಿಗೆ ಹೋಗುವ ದಾರಿ ಬಿಟ್ಟು ಒಳಗೆ, ಈಗ ಇಲ್ಲದ ಒಂದು ಸಿಮೆಂಟ್ ಫ್ಯಾಕ್ಟರಿ ಇತ್ತು. ಅದಕ್ಕೆ ತನ್ನದೇ ಏರ್‌ಸ್ಟ್ರಿಪ್. ಏರ್‌ಸ್ಟ್ರಿಪ್ ಎಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಡಾಂಬರಿನ ಒಂದು ಪಟ್ಟಿ, ಅದರ ಮೇಲೆ ಓಡಾಡುವ ಆಡುಗಳು, ವಿಮಾನ ಬರುವ ದಿನ ಆ ಆಡುಗಳನ್ನು ಓಡಿಸಲು ಒಬ್ಬ ವಾಚ್‌ಮನ್. ಹೈದರಾಬಾದಿನಿಂದ ಸಾಹೇಬರನ್ನು ಕರೆತರುವ ಪುಟ್ಟ ವಿಮಾನ ವಾರಕ್ಕೆ ಎರಡು ಸಲ ಬರುತ್ತಿತ್ತು. ಪಟ್ಟಿಯ ತುದಿಗೆ ಒಂದು ಕಲ್ಲಿನ ಕೋಣೆ, ಎರಡು ಎತ್ತರದ ಕಂಬ, ಅವುಗಳ ನಡುವೆ ಬಟ್ಟೆ ಒಣಹಾಕುವ ಹಗ್ಗದಂತೆ ಒಂದು ತಂತಿ. ಅದೇ ರೇಡಿಯೋ ಬೀಕನ್. ನನ್ನ ಗಂಡ ಅದರ ಆಪರೇಟರ್.

ಬೀಕನ್ನಿನ ಕೆಲಸ ಬಹಳ ಸರಳ. ಇಡೀ ದಿನ ಆಕಾಶಕ್ಕೆ ತನ್ನ ಹೆಸರು ಹೇಳಿಕೊಳ್ಳುತ್ತಿರುವುದು, ಅಷ್ಟೇ. ನಮ್ಮದರ ಹೆಸರು ಇಂಗ್ಲಿಷಿನ ಎರಡು ಅಕ್ಷರ, ಮೋರ್ಸ್ ಕೋಡಿನಲ್ಲಿ: ಒಂದು ಗಿಡ್ಡ, ಎರಡು ಉದ್ದ, ಆಮೇಲೆ ಒಂದು ಉದ್ದ, ಎರಡು ಗಿಡ್ಡ. ಟಿ ಟಾ ಟಾ, ಟಾ ಟಿ ಟಿ. ವಿಮಾನದೊಳಗೆ ಗಡಿಯಾರದಂಥ ಒಂದು ಡಯಲ್ ಇರುತ್ತದೆ. ಅದರ ಸೂಜಿ ಈ ಸದ್ದು ಎತ್ತಲಿಂದ ಬರುತ್ತದೋ ಅತ್ತ ತಿರುಗಿ ನಿಲ್ಲುತ್ತದೆ. ಕೆಳಗೆ ಮೋಡ ತುಂಬಿ ಊರು, ರೈಲಿನ ಹಳಿ ಏನೂ ಕಾಣದಿದ್ದರೂ ಪೈಲಟ್ ಆ ಸೂಜಿ ಹಿಡಿದು ಬಂದುಬಿಡಬಹುದು.

ಇದನ್ನು ನನಗೆ ತಿಳಿಸಿದ್ದು ಗಂಡ. ಮದುವೆಯಾದ ಹೊಸದರಲ್ಲಿ, ನಾನು ರೊಟ್ಟಿ ತಟ್ಟುತ್ತ ಕೂತಿದ್ದಾಗ. “ಸೂಜಿಗೆ ಬುದ್ಧಿ ಇಲ್ಲ ನೋಡು. ಸಿಡಿಲು ಹೊಡದ್ರ ಸಿಡಿಲಿನ ಕಡಿನೂ ತಿರಗ್ತದ. ಅದಕ್ಕ ಕಿವ್ಯಾಗ ಹೆಸರು ಕೇಳಸ್ತಿರಬೇಕು. ಹೆಸರು ಕೇಳಸ್ತಂದ್ರ ಸೂಜಿ ಖರೆ. ಹೆಸರು ನಿಂತರ ಸೂಜಿ ಸುಳ್ಳ.” ಯಂತ್ರ ರಿಪೇರಿಯಲ್ಲಿದ್ದಾಗ ಟ್ರಾನ್ಸ್‌ಮಿಟರ್ ನಡೆಯುತ್ತಿದ್ದರೂ ಹೆಸರನ್ನು ಮಾತ್ರ ತೆಗೆದಿಡಬೇಕು, ಅದು ಕಾಯಿದೆಯಂತೆ. ನೆಚ್ಚಬಾರದ ಯಂತ್ರ ತನ್ನ ಹೆಸರು ಹೇಳಿಕೊಳ್ಳುವಂತಿಲ್ಲ. ನನಗೆ ನಗು ಬಂದಿತ್ತು. ಮನುಷ್ಯರಿಗೂ ಇಂಥದೊಂದು ಕಾಯಿದೆ ಇದ್ದಿದ್ದರೆ ಎಂದೆ. ಅವರು ನಗಲಿಲ್ಲ. ಬೀಕನ್ನಿನ ವಿಷಯದಲ್ಲಿ ನಗುವ ಮನುಷ್ಯ ಅಲ್ಲ ಅವರು.

ಬೀಕನ್ನಿಗೆ ಇಬ್ಬರು ಆಪರೇಟರ್ ಇರಬೇಕಿತ್ತು. ಎರಡನೆಯವನು ಬಿಟ್ಟುಹೋದ ಮೇಲೆ ಫ್ಯಾಕ್ಟರಿಯವರು ಬೇರೆಯವರನ್ನು ಕೊಡಲೇ ಇಲ್ಲ. ಹಾಗಾಗಿ ಗಂಡ ಒಂದು ಉಪಾಯ ಮಾಡಿದರು. ಮನೆಯ ರೇಡಿಯೋದ ಬೆನ್ನು ಬಿಚ್ಚಿ, ಯಾವುದೋ ತಿರುಪು ತಿರುಗಿಸಿ, ಮುಳ್ಳನ್ನು ಎಡತುದಿಗೆ ತಂದರೆ ನಮ್ಮ ಬೀಕನ್ ಕೇಳುವ ಹಾಗೆ ಮಾಡಿದರು. ಅವರು ವಾಡಿಗೆ ಸಂತೆಗೆ ಹೋದರೆ, ಜ್ವರ ಬಂದು ಮಲಗಿದರೆ, ಕೇಳುವವಳು ನಾನು. ಸದ್ದು ನಿಂತರೆ ಆಫೀಸಿಗೆ ಓಡಬೇಕು. ಅಲ್ಲಿನ ವೈರ್‌ಲೆಸ್ ಸೆಟ್ಟಿನಿಂದ ವಿಮಾನಕ್ಕೆ ತಿಳಿಸುತ್ತಾರೆ. ಕಾಗದದ ಮೇಲೆ ಎಲ್ಲೂ ಇಲ್ಲದ ನೌಕರಿ ನನ್ನದು. ಕ್ರಮೇಣ ನನ್ನ ರೊಟ್ಟಿ ತಟ್ಟುವ ತಾಳವೂ ಅದೇ ಆಯಿತು. ಸಾರಿಗೆ ಎರಡು ಸಲ ಉಪ್ಪು ಹಾಕಿದ ದಿನಗಳಿದ್ದವು, ಆದರೆ ಆ ಸದ್ದು ನಿಂತದ್ದನ್ನು ನಾನು ಒಂದು ಸಲವೂ ತಪ್ಪಿಸಿಕೊಂಡಿರಲಿಲ್ಲ.

ವಿಮಾನದ ಕ್ಯಾಪ್ಟನ್ ಸಿಕಂದರಾಬಾದಿನವರು. ತೆಳ್ಳಗೆ, ಉದ್ದಕ್ಕೆ, ಮಾತಿಗೊಂದು ನಗು. ಸಾಹೇಬರ ಮೀಟಿಂಗ್ ಮುಗಿಯುವ ತನಕ ನಮ್ಮ ಮನೆಗೆ ಬಂದು ಚಾಪೆಯ ಮೇಲೆ ಕಾಲು ಚಾಚಿ ಕೂತು ಜೋಳದ ರೊಟ್ಟಿಗೆ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಹಚ್ಚಿಕೊಂಡು ತಿನ್ನುತ್ತಿದ್ದರು. ನನ್ನನ್ನು ಭಾಭಿ ಎನ್ನುತ್ತಿದ್ದರು. ಅಡಿಗೆಮನೆಯ ಗುಟ್ಟು ಅವರಿಗೆ ಗೊತ್ತಿತ್ತು. ನೀವು ರೊಟ್ಟಿ ತಟ್ಟುವುದು ನನಗೆ ಮೇಲೆ ಕೇಳುತ್ತದೆ ಎಂದು ತಮ್ಮ ದಖ್ಖನಿ ಉರ್ದುವಿನಲ್ಲಿ ತಮಾಷೆ ಮಾಡುತ್ತಿದ್ದರು. ಹೆಂಡತಿಗೆಂದು ಹಿಂಡಿಯ ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಆ ಬೇಸಿಗೆಯಲ್ಲಿ ನಮ್ಮ ಅತ್ತೆ ತೀರಿಕೊಂಡರು. ಚಿಂಚೋಳಿ ಕಡೆಯ ಐನಾಪುರದ ಹೊಲದಲ್ಲಿ ಮಣ್ಣು ಮಾಡಿದರು. ಮೂರನೆಯ ದಿನ ಗಂಡಸರೆಲ್ಲ ಸಮಾಧಿಗೆ ಹಾಲು ಬಿಡಲು ಮತ್ತೆ ಐನಾಪುರಕ್ಕೆ ಹೊರಟರು. ಹೊರಡುವ ಮುಂಚೆ ಗಂಡ ನನ್ನನ್ನು ಬದಿಗೆ ಕರೆದು, ಮಧ್ಯಾಹ್ನ ವಿಮಾನ ಬರ್ತದ, ರೇಡಿಯೋ ಸಣ್ಣಗೆ ಹಚ್ಚಿಡು ಎಂದರು. ಹೂಂ ಎಂದೆ.

ಸೂತಕದ ಮನೆ. ಒಲೆ ಹಚ್ಚುವಂತಿಲ್ಲ. ಕುರಕುಂಟಾದ ಬೀಗರು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದಿದ್ದರು. ನಡುಮನೆಯ ತುಂಬ ಹೆಂಗಸರು. ಒಳಗೆ ಟಿ ಟಾ ಟಾ, ಟಾ ಟಿ ಟಿ. ಒಬ್ಬರು ಒಬ್ಬರ ಮುಖ ನೋಡಿಕೊಂಡರು. ಗಂಡನ ತಂಗಿ ಶಾಂತಾ ಎದ್ದು ಒಳಗೆ ಬಂದಳು. ಸುಲೇಪೇಟೆಗೆ ಕೊಟ್ಟ ಹುಡುಗಿ. ತಾಯಿ ಸತ್ತ ದುಃಖದಲ್ಲಿ ಕಣ್ಣು ಬಾತಿದ್ದವು, ನಾಲಿಗೆ ಮಾತ್ರ ಎಂದಿನಂತೆಯೇ ಇತ್ತು.

“ವೈನಿ, ಸತ್ತ ಮನ್ಯಾಗ ರೇಡಿಯೋ ಹಚ್ಚತಾರೇನ್ರಿ? ನಿಮ್ಮ ಕಾನ್ವೆಂಟಿನ್ಯಾಗ ಹೆಣದ ಮುಂದ ಪಿಯಾನೊ ಬಾರಸ್ತಾರಂತ. ನಮ್ಮವ್ವಗ ಅದೆಲ್ಲ ಬ್ಯಾಡ್ರಿ.”

ನಾನು ಹೇಳಬಹುದಿತ್ತು. ಇದು ಹಾಡಲ್ಲ ಶಾಂತಾ, ನಿಮ್ಮ ಅಣ್ಣನ ಡ್ಯೂಟಿ ಎನ್ನಬಹುದಿತ್ತು. ಆದರೆ ಆ ಮನೆಗೆ ಬಂದಾಗಿನಿಂದ ನಾನು ಇಂಗ್ಲಿಷ್ ಸೊಸೆ. ಚಹಾ ಸೋಸುವುದಕ್ಕೆ, ಬಾಗಿಲಿಗೆ ಪರದೆ ಹಾಕಿದ್ದಕ್ಕೆ, ಎಲ್ಲಕ್ಕೂ ಕಾರಣ ಕೊಟ್ಟುಕೊಟ್ಟು ಸಾಕಾಗಿತ್ತು. ಒಂದು ದಿನ, ಅತ್ತೆಯ ಹೆಸರಿನಲ್ಲಿ ಒಂದೇ ದಿನ, ಎಲ್ಲರಂಥ ಸೊಸೆಯಾಗಿ ಕೂರಬೇಕು ಅನ್ನಿಸಿತು. ನನ್ನ ಕೈಯಿಂದಲೇ ಗುಂಡಿ ತಿರುಗಿಸಿದೆ. ಟಕ್ಕೆಂದಿತು. ಶಾಂತಾ ರೇಡಿಯೋವನ್ನು ಟವೆಲಿನಲ್ಲಿ ಸುತ್ತಿ ಮಂಚದ ಕೆಳಗೆ ಸರಿಸಿ, ಖಾಲಿಯಾದ ಹಲಗೆಯ ಮೇಲೆ ಅತ್ತೆಯ ಫೋಟೊ ಇಟ್ಟು ದೀಪ ಹಚ್ಚಿದಳು. ಹೆಂಗಸರು ನನ್ನ ಕಡೆ ನೋಡಿ ತಲೆಯಾಡಿಸಿದರು. ನಿಜ ಹೇಳುತ್ತೇನೆ, ಆ ಗಳಿಗೆ ನನಗೆ ಬಹಳ ಹಿತವಾಗಿತ್ತು.

ಮೂರು ಗಂಟೆಯ ಮೇಲೆ ಗಾಳಿ ಎದ್ದಿತು. ಮೊದಲು ಧೂಳು, ಆಮೇಲೆ ಚಿಂಚೋಳಿಯ ಕಡೆ ಕಪ್ಪನೆಯ ಮೋಡ, ಗುಡುಗು. ನಾವು ಕಿಟಕಿ ಹಾಕಿ ಕೂತೆವು. ವಿಮಾನ ಬರಲಿಲ್ಲ. ಹೊತ್ತು ಮುಳುಗುವ ಮುಂಚೆ ವಾಚ್‌ಮನ್ ಬಂದು ಹೇಳಿದ, ಮಳೆ ಜೋರಾಗುವ ಮುಂಚೆಯೇ ಸುಲೇಪೇಟೆಯ ಆಚೆ ಉತ್ತ ಹೊಲದಲ್ಲಿ ವಿಮಾನ ಬಿದ್ದಿದೆಯಂತೆ. ಒಳಗೆ ಕ್ಯಾಪ್ಟನ್ ಒಬ್ಬರೇ ಇದ್ದರಂತೆ.

ಇದ್ದರಂತೆ, ಅಷ್ಟೇ. ಅವನು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಗಂಡ ಮಳೆಯಲ್ಲಿ ನೆನೆಯುತ್ತ ಬಂದರು. ಮೊದಲು ಬೀಕನ್ ಕೋಣೆಗೆ ಹೋಗಿ ಆಮೇಲೆ ಮನೆಗೆ ಬಂದಿದ್ದರು. ಕಂಬದ ಮೇಲಿನ ತಂತಿ ಗಾಳಿಗೆ ಹರಿದು ನೆಲಕ್ಕೆ ಬಿದ್ದಿತ್ತು. ಅದು ಬಿದ್ದದ್ದು ವಿಮಾನ ಬೀಳುವ ಮುಂಚೆಯೋ ಆಮೇಲೋ? ಇಡೀ ಪ್ರಶ್ನೆ ಅದೊಂದೇ. ಮುಂಚೆ ಬಿದ್ದಿದ್ದರೆ ಸೂಜಿ ನಮ್ಮನ್ನು ಬಿಟ್ಟು ಚಿಂಚೋಳಿಯ ಸಿಡಿಲಿನ ಬೆನ್ನು ಹತ್ತಿದೆ, ತಪ್ಪು ನಮ್ಮದು. ಆಮೇಲೆ ಬಿದ್ದಿದ್ದರೆ ಕ್ಯಾಪ್ಟನ್ ತಾವೇ ದಾರಿ ಬಿಟ್ಟಿದ್ದಾರೆ. ಅದಕ್ಕೆ ಉತ್ತರ ಹೇಳಬಲ್ಲದ್ದು ಆ ಇಡೀ ಸೀಮೆಯಲ್ಲಿ ಒಂದೇ ಒಂದು, ನನ್ನ ರೇಡಿಯೋ.

ತಣ್ಣನೆಯ ಒಲೆಯ ಮುಂದೆ ನಿಂತು, ಹಲಗೆಯ ಮೇಲಿನ ದೀಪ ನೋಡುತ್ತ ಅವರು ಕೇಳಿದರು. “ರೇಡಿಯೋ ಹಚ್ಚಿತ್ತೇನು?”

“ಹಚ್ಚಿತ್ತುರಿ.”

“ಆವಾಜ ಬರ್ಲಿಕತ್ತಿತ್ತೇನು?”

ಗೊತ್ತಿಲ್ಲ ಎನ್ನಬೇಕಿತ್ತು. ಅದೇ ಸತ್ಯ. ಆದರೆ ಬೆಂಚಿನ ಮೇಲೆ ನಿಲ್ಲಬೇಕಾಗುತ್ತದಲ್ಲ. “ಬರ್ಲಿಕತ್ತಿತ್ತು. ಮಳಿ ಜೋರಾಗೋ ತನಕ ಕೇಳೀನಿ,” ಎಂದೆ.

ಅವರು ಟವೆಲು ಹುಡುಕಿ ತಲೆ ಒರೆಸಿಕೊಂಡರು. ಮತ್ತೆ ಯಾವತ್ತೂ ಕೇಳಲಿಲ್ಲ. ವಿಚಾರಣೆಗೆ ಬಂದ ಇಬ್ಬರು ಅಧಿಕಾರಿಗಳ ಮುಂದೆ, ಮಳೆ ಜೋರಾಗುವ ತನಕ ಬೀಕನ್ ನಡೆಯುತ್ತಿತ್ತು ಎಂದು ಬರೆದುಕೊಟ್ಟರು. ಅಡಿಗೆಮನೆಯ ಮಾತು ಎತ್ತಲಿಲ್ಲ, ನನ್ನನ್ನು ಯಾರೂ ಕರೆಯಲಿಲ್ಲ. ವರದಿ ಬಂತು: ಪೈಲಟ್ ಎರರ್. ಬೀಕನ್ ಸರಿಯಿದ್ದರೂ ದಾರಿ ತಪ್ಪಿದ ಪೈಲಟ್.

ಕೆಲವು ತಿಂಗಳ ಮೇಲೆ ಸಿಕಂದರಾಬಾದಿನಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಕ್ಯಾಪ್ಟನ್ನರ ಹೆಂಡತಿಯದು. ನನ್ನ ಯಜಮಾನರು ಬೇಜವಾಬ್ದಾರಿ ಮನುಷ್ಯ ಎಂದು ಎಲ್ಲರೂ ಹೇಳುತ್ತಿದ್ದಾರೆ, ನೀವು ಅವರಿಗೆ ಊಟ ಹಾಕಿದವರು, ಆ ದಿನ ಬೀಕನ್ ನಿಜವಾಗಿ ಕೇಳುತ್ತಿತ್ತೇ, ಅದೊಂದು ಹೇಳಿ ಎಂದು ಬರೆದಿದ್ದರು. ಗಂಡ ಕಾಗದವನ್ನು ನನ್ನ ಮುಂದಿಟ್ಟರು. ನಿನ್ನ ಇಂಗ್ಲಿಷ್ ಛಲೋ ಅದ, ನೀನೇ ಬರಿ ಎಂದರು. ಹೋಗಲಿಲ್ಲ, ಬಾಗಿಲ ಹತ್ತಿರ ನಿಂತೇ ಇದ್ದರು. ನಾನು ಬರೆದೆ. ಮುತ್ತಿನಂಥ ಅಕ್ಷರದಲ್ಲಿ, ಒಂದು ಕಾಗುಣಿತದ ತಪ್ಪಿಲ್ಲದೆ, ಕೇಳುತ್ತಿತ್ತು ಎಂದು ಬರೆದೆ. ಕೆಳಗೆ ಗಂಡನ ಹೆಸರು ಹಾಕಿದೆ. ಅವರು ಅದನ್ನು ಓದದೆ ಲಕೋಟೆಗೆ ಹಾಕಿದರು. ಆ ದಿನವೇ ರೇಡಿಯೋ ಅಟ್ಟ ಸೇರಿತು, ಶಹಾಬಾದಿಗೆ ಮನೆ ಬದಲಿಸಿದಾಗಲೂ ಅಟ್ಟದಿಂದ ಅಟ್ಟಕ್ಕೇ ಹೋಯಿತು. ಆ ಮೇಲೆ ನಮ್ಮ ಮನೆಯಲ್ಲಿ ಹಿಂಡಿ ಕುಟ್ಟಿದ್ದು ಕಡಿಮೆ.

ಗಂಡ ಹೋಗಿ ಆರು ವರ್ಷವಾಯಿತು. ನನ್ನ ಸುಳ್ಳನ್ನು ನಂಬಿಯೇ ಹೋದರು ಎಂದುಕೊಂಡಿದ್ದೆ. ಅದರಲ್ಲೂ ಒಂದು ಬಗೆಯ ಸಮಾಧಾನ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಪಾಪ ನನ್ನೊಬ್ಬಳದು, ಅವರು ಶುದ್ಧ.

ಮೊನ್ನೆ ರೇಡಿಯೋ ಇಳಿದ ದಿನ ಶಾಂತಾನೂ ಇಲ್ಲಿದ್ದಳು, ಕಣ್ಣು ತೋರಿಸಿಕೊಳ್ಳಲು ಬಂದಿದ್ದಳು. ಅವಳಿಗೂ ಈಗ ಮುದಿತನ, ನಾಲಿಗೆ ಸ್ವಲ್ಪ ಮೆತ್ತಗಾಗಿದೆ. ಅಂಗಳದ ಕಟ್ಟೆಯ ಮೇಲೆ ಕೂತು ಆ ರೇಡಿಯೋವನ್ನೇ ನೋಡುತ್ತಿದ್ದಳು.

“ವೈನಿ, ಒಂದು ಮಾತು ನಮ್ಮ ಮನಿಯವರು ಸಾಯೋ ಮುಂದ ಹೇಳಿದ್ರು,” ಎಂದಳು. “ಅವತ್ತು ಐನಾಪುರದಾಗ ಅವ್ವನ ಮಣ್ಣಿಗಿ ಹಾಲು ಬಿಡ್ಲಿಕತ್ತಾಗ ಮ್ಯಾಲ ಮೋಡದಾಗ ವಿಮಾನದ ಸಪ್ಪಳ ಕೇಳಿತಂತ. ಅಣ್ಣ ಚರಗಿ ಕೆಳಗಿಟ್ಟು ಮ್ಯಾಲ ನೋಡಿದ್ನಂತ. ನಮ್ಮ ಬೀಕನ್ ಸತ್ತದ, ಇಲ್ಲಾಂದ್ರ ಅಂವಾ ಇಲ್ಲಿಗಿ ಬರ್ತಿದ್ದಿಲ್ಲ ಅಂದ್ನಂತ.”

ಹಳೇ ಸಾಮಾನಿನವನು ತಿರುಪಿನ ಮೇಲೆ ತಿರುಪು ಬಿಚ್ಚುತ್ತಿದ್ದ. ಸಾಕು, ಇನ್ನು ಬಿಚ್ಚಬೇಡ ಎಂದೆ.

ಅಂದರೆ ಮನೆಗೆ ಬರುವ ಮುಂಚೆಯೇ ಅವರಿಗೆ ಗೊತ್ತಿತ್ತು. ರೇಡಿಯೋ ಇರಬೇಕಾದ ಹಲಗೆಯ ಮೇಲೆ ದೀಪ ಉರಿಯುವುದನ್ನು ನೋಡುತ್ತಲೇ ಕೇಳಿದ್ದರು. ಆಮೇಲೆ ಕಾಗದ ಮುಂದಿಟ್ಟು ಬಾಗಿಲ ಹತ್ತಿರ ನಿಂತದ್ದೂ ನನ್ನ ಕೈಯಿಂದ ಖರೆ ಬರಲೆಂದೇ. ನಾನು ಖರೆ ಹೇಳಿದ್ದರೆ ಅವರೂ ಖರೆ ಹೇಳುತ್ತಿದ್ದರೋ ಏನೋ. ನಾನು ಹೇಳಲಿಲ್ಲ. ಅವರು ತಮ್ಮ ಹೆಸರನ್ನು ನನ್ನ ಸುಳ್ಳಿನ ಕೆಳಗೆ ಬಿಟ್ಟುಕೊಟ್ಟರು. ರಿಪೇರಿ ದಿನ ಒಂದು ಗಂಟೆಗೂ ಬೀಕನ್ನಿನ ಹೆಸರನ್ನು ಸುಳ್ಳಿಗೆ ಬಿಡದ ಮನುಷ್ಯ, ಆ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ನನ್ನ ಎದುರು ಕೂತು ಉಂಡರು.

“ಆ ರೇಡಿಯೋ ಬಂದ್ ಮಾಡ್ರಿ ಅಂದಾಕಿ ನಾನೇ ಅಲ್ಲೇನ್ರಿ ವೈನಿ,” ಎಂದಳು ಶಾಂತಾ. ನಲವತ್ತು ವರ್ಷ ಅವಳೂ ಇದನ್ನು ಕಟ್ಟಿಕೊಂಡು ಓಡಾಡಿದ್ದಳೇನೋ. ನೀ ಅಂದಿ, ತಿರುವಿದ್ದು ನನ್ನ ಕೈ ಎಂದೆ. ಅವಳು ಅಳುತ್ತ ಕೂತಳು. ನನಗೆ ಅಳು ಬರಲಿಲ್ಲ.

ರಟ್ಟು ಮತ್ತೆ ಹಾಕಿಸಿ ಹಳೇ ಸಾಮಾನಿನವನನ್ನು ಕಳಿಸಿದೆ. ರೇಡಿಯೋವನ್ನು ಒಳಗೆ ತಂದು ಪ್ಲಗ್ ಚುಚ್ಚಿದೆ. ದೀಪ ಹತ್ತಿತು. ಮುಳ್ಳನ್ನು ಎಡತುದಿಗೆ ತಂದೆ. ಬರೀ ಸರಸರ. ಆ ಫ್ಯಾಕ್ಟರಿ ಇಲ್ಲ, ಕಂಬಗಳಿಲ್ಲ, ವಿಮಾನಗಳೂ ಈಗ ಉಪಗ್ರಹ ನೋಡಿಕೊಂಡು ಹಾರುತ್ತವಂತೆ. ಆದರೂ ಅರ್ಧ ಗಂಟೆ ಕೇಳುತ್ತ ಕೂತಿದ್ದೆ. ಆ ಮಧ್ಯಾಹ್ನ ಕೂರಬೇಕಿತ್ತು, ಈಗ ಕೂತೆ.

ಸಿಕಂದರಾಬಾದಿನ ಆ ಕಾಗದ ಟ್ರಂಕಿನಲ್ಲಿದೆ. ಮೂಲೆಯಲ್ಲಿ ವಿಳಾಸ ಇನ್ನೂ ಓದಲು ಬರುತ್ತದೆ. ಆಕೆ ಇದ್ದಾರೋ ಇಲ್ಲವೋ, ಆ ಮನೆ ಇದೆಯೋ ಇಲ್ಲವೋ. ನಿನ್ನೆ ಉತ್ತರ ಬರೆದು ಪೋಸ್ಟಿಗೆ ಹಾಕಿಸಿದೆ. ನನ್ನ ಅಕ್ಷರ ಈಗ ಮುತ್ತಿನ ಹಾಗಿಲ್ಲ, ಸಾಲುಗಳು ಕೆಳಕ್ಕೆ ಜಾರುತ್ತವೆ. ಬರೆದದ್ದು ಬಹಳವಿಲ್ಲ. ಬೀಕನ್ ಯಾವಾಗ ನಿಂತಿತೋ ನನಗೆ ಗೊತ್ತಿಲ್ಲ. ಗೊತ್ತಿರಬೇಕಾಗಿದ್ದವಳು ನಾನು. ರೇಡಿಯೋ ಆರಿಸಿದ್ದು ನಾನು. ನಿಮ್ಮ ಯಜಮಾನರು ದಾರಿ ತಪ್ಪಿದವರು ಎಂದು ಹೇಳುವ ಹಕ್ಕು ನಮ್ಮ ಮನೆಗೆ ಇರಲಿಲ್ಲ.

ಕೆಳಗೆ ಗಂಡನ ಹೆಸರು ಹಾಕಲಿಲ್ಲ. ನನ್ನದು ಹಾಕಿದೆ, ಪೂರ್ತಿ ಹೆಸರು.